ಪೈಪ್ ಒಡೆದ ಲೆಕ್ಕ ವಾಟ್ಸಾಪ್ ಗ್ರೂಪಲ್ಲೇ ಕೊಳೀತಿದೆ

ಸಂಪಾದಕರಿಗೆ ನಮಸ್ಕಾರ,

ನಾನು ಬೆಂಗಳೂರಲ್ಲಿ ಫೈಬರ್ (ನೆಲದೊಳಗಿನ ಇಂಟರ್ನೆಟ್ ಕೇಬಲ್) ರಿಪೇರಿ ಟೀಮ್ ನೋಡ್ಕೊಳ್ಳೋನು. ರೋಡ್ ಅಗೆಯೋವಾಗ ನೀರಿನ ಪೈಪ್ ಒಡೀತು, ಕರೆಂಟ್ ಕೇಬಲ್ ಕಟ್ಟಾಯ್ತು, ಗ್ಯಾಸ್ ಲೀಕ್ ಆಯ್ತು ಅಂತ ಪೇಪರಲ್ಲಿ ಫೋಟೋ ಬರ್ತಾನೇ ಇರುತ್ತೆ, ಜನ ಜೆಸಿಬಿ ಡ್ರೈವರ್‌ಗೆ ಬೈತಾರೆ, ಗುಂಡಿ ಮುಚ್ತಾರೆ, ಮುಗೀತು. ಯಾಕೆ ಒಡೀತು ಅಂತ ಎಲ್ಲಾ ಇಲಾಖೆಗೂ ಸಿಗೋ ಹಾಗೆ ಒಂದು ಕಡೆ ಬರೆದಿಡೋ ಪದ್ಧತಿ ನಾನಂತೂ ಫೀಲ್ಡಲ್ಲಿ ನೋಡಿಲ್ಲ.

2023ರ ಮಾರ್ಚ್ 22ಕ್ಕೆ ಪ್ರಧಾನಿಗಳು 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಿಡುಗಡೆ ಮಾಡಿದ್ರು. ಎಲ್ಲಿ ಅಗೀತೀವಿ ಅಂತ ಅದ್ರಲ್ಲಿ ಹಾಕಿದ್ರೆ ಆ ಜಾಗದಲ್ಲಿ ಲೈನ್ ಇರೋರಿಗೆ ಎಸ್ಸೆಮ್ಮೆಸ್, ಇಮೇಲ್ ಹೋಗುತ್ತೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಫೈಬರ್ ಕಟ್, 3,000 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಹೇಳಿತ್ತು. ಆ್ಯಪ್ ಒಳ್ಳೇದೇ, ಆದ್ರೆ ಅದು ಅಗೆಯೋಕೆ ಮುಂಚೆ ಕೇಳೋ ಕೆಲಸ, ಕೇಳಿದ್ಮೇಲೂ ಒಡೀತಾ, ಕೇಳದೇ ಒಡೆದ್ರಾ, ಮ್ಯಾಪೇ ತಪ್ಪಿತ್ತಾ ಅನ್ನೋದು ನಮ್ಮ ಬೀದಿ ಲೆಕ್ಕದಲ್ಲಿ ಗೊತ್ತಾಗ್ಬೇಕಲ್ವಾ?

ಫೀಲ್ಡಲ್ಲಿ ಏನಾಗುತ್ತೆ ಹೇಳ್ತೀನಿ. ಲಿಂಕ್ ಡೌನ್ ಅಂತ ರಾತ್ರಿ ಫೋನ್ ಬರುತ್ತೆ, ಓಟಿಡಿಆರ್ (ಕೇಬಲ್ ಒಳಗೆ ಬೆಳಕು ಬಿಟ್ಟು ಕಟ್ ಎಷ್ಟು ದೂರ ಅಂತ ಅಳೆಯೋ ಮಷೀನ್) ಹಾಕಿದ್ರೆ ಇಷ್ಟು ಮೀಟರ್ ದೂರದಲ್ಲಿ ಕಟ್ ಅಂತ ತೋರಿಸುತ್ತೆ, ಮಧ್ಯದ ಚೇಂಬರ್‌ಗಳಲ್ಲಿ ಕೇಬಲ್ ಸುತ್ತಿಟ್ಟಿರ್ತಾರಲ್ಲ, ಆ ಉದ್ದಾನೂ ಕಳೆದು ಹುಡುಕ್ಬೇಕು. ಎಷ್ಟೋ ಸಲ ಕಟ್ ಮಾಡಿದೋರು ಅದ್ರ ಮೇಲೆ ಮಣ್ಣು ಎಳೆದು ಹೋಗ್ಬಿಟ್ಟಿರ್ತಾರೆ, ನಾವು ಮತ್ತೆ ತೋಡ್ಬೇಕು. ತೋಡಿದ್ರೆ ಎಲ್ಲಾ ಕಣ್ಣಿಗೇ ಕಾಣುತ್ತೆ. ಜೆಸಿಬಿ ಬಕೆಟ್ ಹಲ್ಲು ತಾಗಿದ್ರೆ ಡಕ್ಟ್ (ಕೇಬಲ್ ಹೋಗೋ ಪೈಪು) ಜಜ್ಜಿ ಹರಿದಿರುತ್ತೆ, ಎಚ್‌ಡಿಡಿ ಮಷೀನ್ (ರೋಡ್ ಅಗೆಯದೇ ನೆಲದೊಳಗೇ ಅಡ್ಡಡ್ಡ ಕೊರೆಯೋದು) ಆದ್ರೆ ಅಡ್ಡಕ್ಕೆ ತೂರ್ಕೊಂಡು ಹೋಗಿರುತ್ತೆ. ಡ್ರಾಯಿಂಗಲ್ಲಿ ಆಳ 1.65 ಮೀಟರ್ ಅಂತಿರುತ್ತೆ, ಇಲ್ಲಿ ನೋಡಿದ್ರೆ ಮೊಣಕಾಲುದ್ದಕ್ಕೇ ಸಿಗುತ್ತೆ, ಯಾಕಂದ್ರೆ ಹಾಕುವಾಗ ಬಂಡೆ ಅಡ್ಡ ಬಂದಿರ್ಬಹುದು, ಇಲ್ಲಾ ಆಮೇಲೆ ಯಾರೋ ರೋಡ್ ಲೆವೆಲ್ ತಗ್ಗಿಸಿರ್ಬಹುದು. ಜಾಯಿಂಟ್ ಹಾಕಿ, ಫೋಟೋ ಲೊಕೇಶನ್ ಸಮೇತ ನಮ್ಮ ಟೀಮ್ ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ, ಬಿಲ್ ಪಾಸಾಗುತ್ತೆ, ಆ ಫೋಟೋ ಮತ್ತೆ ಯಾರೂ ತೆಗೆದು ನೋಡಲ್ಲ. ನೆಲದೊಳಗಿನ ಲೈನ್ ನಿಜವಾಗ್ಲೂ ಎಲ್ಲಿದೆ ಅಂತ ಪುಕ್ಕಟೆ ಗೊತ್ತಾಗಿತ್ತು, ಮಣ್ಣು ಮುಚ್ಚಿದ ಹಾಗೇ ಅದೂ ಮುಚ್ಚೋಯ್ತು. ಮುಂದಿನ ತಿಂಗಳು ಅದೇ ಜಾಗಕ್ಕೆ ನೀರಿನ ಪೈಪ್ ಹಾಕೋಕೆ ಬರೋರಿಗೆ ಸಿಗೋದು ಅದೇ ಹಳೇ ಡ್ರಾಯಿಂಗ್.

ಅಮೆರಿಕದಲ್ಲಿ ಕಾಮನ್ ಗ್ರೌಂಡ್ ಅಲಯನ್ಸ್ ಅನ್ನೋ ಸಂಸ್ಥೆ ಇದಕ್ಕೇ ಅಂತ 'ಡರ್ಟ್' ಅನ್ನೋ ವ್ಯವಸ್ಥೆ ಇಟ್ಕೊಂಡಿದೆ. ಲೈನ್ ಕಂಪನಿಯೋರೂ, ಅಗೆಯೋ ಕಾಂಟ್ರಾಕ್ಟರೂ ಡ್ಯಾಮೇಜ್ ವಿವರ ಹಾಕ್ತಾರೆ, ಯಾರ ಹೆಸರೂ ಹೊರಗೆ ಬರಲ್ಲ, ಪ್ರತಿ ವರ್ಷ ರಿಪೋರ್ಟ್ ಬರುತ್ತೆ. ಅಲ್ಲಿ 2007ರಿಂದ ಅಗೆಯೋಕೆ ಮುಂಚೆ 811ಕ್ಕೆ ಫೋನ್ ಮಾಡೋ ಸೌಲಭ್ಯ ಇದೆ, ಆದ್ರೂ ಫೋನ್ ಮಾಡದೇ ಅಗೆಯೋದು ಈಗ್ಲೂ ದೊಡ್ಡ ಕಾರಣ ಅಂತ ಆ ಲೆಕ್ಕದಿಂದಲೇ ಗೊತ್ತಾಗಿದ್ದು. ನೆಲದ ಮೇಲೆ ಲೈನ್ ಎಲ್ಲಿದೆ ಅಂತ ಗುರುತು ಹಾಕೋದು ತಡ ಆಗೋದು, ತಪ್ಪಾಗೋದು ಕೂಡ ಪಟ್ಟಿಯಲ್ಲಿದೆ, ಅಂದ್ರೆ ತಪ್ಪು ಅಗೆಯೋನದ್ದೊಂದೇ ಅಲ್ಲ.

ಇಂಥ ಲೆಕ್ಕ ನಮ್ಮಲ್ಲೂ ಬೇಕು, ಆದ್ರೆ ಇಲ್ಲಿ ಭಯ ಏನಪ್ಪಾ ಅಂದ್ರೆ ದಂಡ. 2023ರ ಟೆಲಿಕಾಂ ಕಾಯ್ದೆಯಲ್ಲಿ ನೆಟ್‌ವರ್ಕ್‌ಗೆ ಹಾನಿ ಮಾಡಿದ್ರೆ 50 ಲಕ್ಷದವರೆಗೂ ದಂಡ ಇದೆ, ಹಾಗಿರುವಾಗ ಯಾವ ಕಾಂಟ್ರಾಕ್ಟರ್ ತಾನಾಗಿ ಫಾರ್ಮ್ ತುಂಬ್ತಾನೆ ಹೇಳಿ. ದಂಡದ ಫೈಲ್ ಬೇರೆ, ಈ ಲೆಕ್ಕ ಬೇರೆ ಇರ್ಬೇಕು. ಸೆಕ್ಯುರಿಟಿ ಅಂತ ಕಂಪನಿಗಳು ತಕರಾರು ತೆಗೀತಾವೆ, ಸರಿ, ಪಕ್ಕಾ ಲೊಕೇಶನ್ ಜಲಮಂಡಳಿ, ಬೆಸ್ಕಾಂ, ಗ್ಯಾಸ್, ಟೆಲಿಕಾಂನೋರ ಮಧ್ಯೆ ಮಾತ್ರ ಇರ್ಲಿ, ಜನರಿಗೆ ವಾರ್ಡ್‌ವಾರು ಎಷ್ಟು ಒಡೀತು, ಯಾಕೆ ಒಡೀತು ಅಂತ ತಿಂಗಳಿಗೊಮ್ಮೆ ಹೇಳಿದ್ರೆ ಸಾಕು.

ಫಾರ್ಮೂ ಒಂದೇ ಪುಟ ಇರ್ಲಿ: ಯಾವ ಲೈನು, ಎಷ್ಟು ಆಳ, ಯಾವ ಮಷೀನು, ಆ್ಯಪಲ್ಲಿ ಕೇಳಿದ್ರಾ, ಡ್ರಾಯಿಂಗ್ ಸರಿ ಇತ್ತಾ, ಎಷ್ಟು ಹೊತ್ತು ಸಪ್ಲೈ ನಿಂತಿತ್ತು. ರೋಡ್ ಕಟಿಂಗ್ ಪರ್ಮಿಷನ್ ಕೊಡೋ ಪಾಲಿಕೆ, ಡೆಪಾಸಿಟ್ ವಾಪಸ್ ಕೊಡೋವಾಗ ಈ ಫಾರ್ಮ್ ಕೇಳಿದ್ರೆ ತಾನಾಗೇ ಬರುತ್ತೆ, ಏನೂ ಒಡೆದಿಲ್ಲ ಅಂದ್ರೆ ಹಾಗಂತಾನೇ ಬರೆದು ಸಹಿ ಹಾಕ್ಲಿ. ಹಳೇ ಫೋಟೋಗಳಂತೂ ನಮ್ಮಂಥ ಟೀಮ್‌ಗಳ ಹತ್ರ ರಾಶಿ ಬಿದ್ದಿವೆ, ಯಾವ ಆಫೀಸಿಗೆ ಕಳಿಸ್ಬೇಕು ಅಂತ ಹೇಳಿದ್ರೆ ನಾಳೆಯೇ ಕಳಿಸ್ತೀವಿ.

ಇಂತಿ,
ಫೈಬರ್ ರಿಪೇರಿ ಸೂಪರ್‌ವೈಸರ್, ಬೆಂಗಳೂರು