ಹೊಂಡದಲ್ಲಿ ಏನಿದೆ ಅಂತ ನೋಡದೆ ಮೀನುಮರಿ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ,

ಕೃಷಿ ಹೊಂಡದಲ್ಲಿ ಮೀನು ಸಾಕಿ ನಾಲ್ಕು ಕಾಸು ಮಾಡ್ಕೊಳ್ಳಿ ಅಂತ ಪೇಪರ್‌ಗಳಲ್ಲಿ ಆಗಾಗ ಬರ್ತಿರತ್ತೆ, ನಾನೂ ಅದನ್ನ ಓದಿಯೇ ಶುರು ಮಾಡಿದವನು. ಆದ್ರೆ ಮರಿ ಬಿಡೋಕೆ ಮುಂಚೆ ಹೊಂಡದಲ್ಲಿ ಈಗಾಗ್ಲೇ ಯಾವ್ಯಾವ ಮೀನಿದೆ ಅಂತ ಒಂದ್ಸಲ ನೋಡ್ಕೊಳ್ಳಿ ಅನ್ನೋ ಮಾತು ನಾನು ಓದಿದ ಒಂದರಲ್ಲೂ ಇರ್ಲಿಲ್ಲ. ಆ ಒಂದು ಮಾತು ಗೊತ್ತಿಲ್ದೆ ನಮ್ಮನೇಲಿ ಒಂದು ವರ್ಷ ಹಾಳಾಯ್ತು, ಅದಕ್ಕೇ ಈ ಪತ್ರ.

ನಾನಿರೋದು ಜಾಲಹಳ್ಳಿಲಿ, ಅಪ್ಪ ಅಮ್ಮ ಹೆಸರಘಟ್ಟದಾಚೆ ಊರಲ್ಲೇ ಇದಾರೆ. ಕೃಷಿ ಹೊಂಡಕ್ಕೆ ಸಹಾಯಧನ ಕೊಡೋ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂತಲ್ಲ, ಅದಾಗಿ ಎರಡು ವರ್ಷಕ್ಕೆ ನಮ್ಮ ಹೊಂಡ ತೆಗೆಸಿದ್ದು, 21 ಮೀಟರ್ ಉದ್ದ 21 ಮೀಟರ್ ಅಗಲ, ಅಂದ್ರೆ ನಾಲ್ಕು ಗುಂಟೆಗಿಂತ ಸ್ವಲ್ಪ ಜಾಸ್ತಿ. ಜಿಗುಟು ಮಣ್ಣು, ಶೀಟ್ ಹಾಕಿಲ್ಲ, ನೀರು ಚೆನ್ನಾಗೇ ನಿಲ್ಲತ್ತೆ. ಹೋದ ವರ್ಷ ಮಳೆಗಾಲದಲ್ಲಿ ಒಂದು ಕಡೆಯಿಂದ ಕಾಟ್ಲಾ, ರೋಹು, ಗೆಂಡೆ ಎಲ್ಲಾ ಸೇರಿ 300 ಮರಿ ತಂದೆ. ಎಕರೆ ನೀರಿಗೆ ಸುಮಾರು 2,000 ಮರಿ ಅಂತ ಲೆಕ್ಕ, ಆ ಲೆಕ್ಕದಲ್ಲಿ ನಮ್ಗೆ 200 ಸಾಕಿತ್ತು, ಕೊಟ್ಟವರು 300 ತಗೊಳ್ಳಿ ಸರ್ ಅಂದ್ರು ತಗೊಂಡೆ. ಹೊಂಡ ಹೊಸದಾ ಹಳೇದಾ, ಒಳಗೆ ಬೇರೆ ಮೀನು ಇದ್ಯಾ ಅಂತ ಅವ್ರು ಕೇಳ್ಲಿಲ್ಲ, ನಂಗೂ ಹೊಳೀಲಿಲ್ಲ.

ಹತ್ತು ತಿಂಗಳು ಅಪ್ಪ ತೌಡು, ಕಡಲೆಕಾಯಿ ಹಿಂಡಿ ಹಾಕಿದ್ದೇ ಹಾಕಿದ್ದು. ಬಲೆ ಹಾಕಿಸಿದಾಗ ಸಿಕ್ಕಿದ್ದು ಕಾಟ್ಲಾ 11, ಗೆಂಡೆ 6, ರೋಹು ಒಂದೂ ಇಲ್ಲ! ಮಿಕ್ಕಿದ್ದೆಲ್ಲಾ ಅಂಗೈಗಿಂತ ಚಿಕ್ಕ ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ, ರಾಶಿ ರಾಶಿ. ಮರಿ ಕೊಟ್ಟವರಿಗೆ ಫೋನ್ ಮಾಡಿದ್ರೆ, ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲಾ ಸಾಯ್ಸಿಬಿಡಿ, ಹೊಸ ಮರಿ ಕಳಿಸ್ತೀನಿ ಅಂದ್ರು. ನಾನು ಹೂಂ ಅನ್ನೋದ್ರಲ್ಲಿದ್ದೆ. ಅಪ್ಪ ಮಾತ್ರ ಒಪ್ಪಲಿಲ್ಲ, "ಒಳಗೆ ಯಾರಿದಾರೆ ಅಂತ ನೋಡ್ದೆ ಮನೆಗೆ ಬೆಂಕಿ ಇಡ್ತಾರೇನೋ" ಅಂದ್ರು. ಆವತ್ತಿಂದ ಮೂರು ಭಾನುವಾರ ನಾವು ಮಾಡಿದ್ದು ಅದೊಂದೇ ಕೆಲ್ಸ, ಒಳಗೆ ಯಾರಿದಾರೆ ಅಂತ ನೋಡೋದು.

ಮೊದಲ್ನೇದು ದುಡ್ಡಿಲ್ಲದ ಕೆಲ್ಸ, ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ದಡದಲ್ಲಿ ಅಲ್ಲಾಡದೆ ಕೂತ್ಕೊಳ್ಳೋದು. ರಾತ್ರಿಯೆಲ್ಲಾ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿರತ್ತೆ, ಆ ಹೊತ್ತಲ್ಲಿ ಎಷ್ಟೋ ಮೀನು ಮೇಲಕ್ಕೆ ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತವೆ, ಮಧ್ಯಾಹ್ನ ಹೋದ್ರೆ ಏನೂ ಕಾಣಲ್ಲ. ಎರಡನೇ ದಿನ ಜೊಂಡಿನ ಪಕ್ಕ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಮಚ್ಚೆ, ಅದು ನಿಂತ ಕಡೆ ನಿಲ್ತಿಲ್ಲ, ಸರಿದಾಡ್ತಾ ಇದೆ. ಹತ್ರ ಹೋಗಿ ನೋಡಿದ್ರೆ ನೂರಾರು ಸಣ್ಣ ಸಣ್ಣ ಮರಿಗಳು, ಒಂದೇ ಸಮ ಮೇಲೆ ಕೆಳಗೆ ಆಡ್ತಿದಾವೆ, ಅದರ ಅಡಿಲಿ ಕಪ್ಪಗೆ ಮೊಳದುದ್ದದ್ದು ಏನೋ ನಿಂತಿದೆ. ಕೊರವ! ಬೇರೆ ಮೀನುಗಳನ್ನ ಹಿಡಿದು ತಿನ್ನೋ ಮೀನು, ತನ್ನ ಮರಿ ಕಾಯ್ತಾ ಇತ್ತು. ಅಪ್ಪ ನನ್ನ ಕೈ ಹಿಡಿದು ಅಲ್ಲೇ ನಿಲ್ಲಿಸಿದ್ರು, ಅರ್ಧ ಗಂಟೆ ಇಬ್ರೂ ಮಾತೇ ಆಡಿಲ್ಲ.

ಆಮೇಲೆ ಪಕ್ಕದೂರಲ್ಲಿ ಕೆರೆ ಗುತ್ತಿಗೆ ಹಿಡಿಯೋ ಅಣ್ಣ ಒಬ್ಬರನ್ನ ಕರೆಸಿದ್ವಿ, ಕೂಲಿ ಕೊಟ್ಟೇ ಕರೆಸಿದ್ವಿ, ಯಾಕಂದ್ರೆ ಇಂಥವರಿಗೆ ಗೊತ್ತಿರೋದು ಬೇರೆಲ್ಲೂ ಸಿಗಲ್ಲ. ಒಂದೇ ಬಲೆಲಿ ಎಲ್ಲಾ ಸಿಗಲ್ಲ ಅಂತ ಅವ್ರೇ ಹೇಳಿದ್ದು. ದೊಡ್ಡ ಕಣ್ಣಿನ ಬೀಸು ಬಲೆ ಬೇರೆ, ದಡದ ಹುಲ್ಲಿನ ಬುಡದಲ್ಲಿ ಗೋರೋಕೆ ಸೊಳ್ಳೆಪರದೆ ಬಟ್ಟೆ ಬೇರೆ, ಕೆಸರಲ್ಲಿ ಇರೋದಕ್ಕೆ ರಾತ್ರಿ ಎರೆಹುಳ ಕಟ್ಟಿದ ಗಾಳ ಬೇರೆ. ಸಿಕ್ಕಿದ್ದನ್ನೆಲ್ಲ ನೀರು ತುಂಬಿದ ಬಿಳಿ ಟಬ್‌ಗೆ ಹಾಕಿ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು ವಾಪಸ್ ಬಿಟ್ವಿ.

ಗುರುತು ಹಿಡಿಯೋದೂ ಅವ್ರೇ ಕಲಿಸಿದ್ರು. ಬಾಯಿ ಮೇಲ್ಮುಖ ಇದ್ದು ತಲೆ ದಪ್ಪ, ಮೀಸೆ ಇಲ್ಲ ಅಂದ್ರೆ ಕಾಟ್ಲಾ, ಅದು ಮೇಲ್ನೀರಲ್ಲೇ ಮೇಯೋದು. ಕೆಳತುಟಿ ಕುಚ್ಚು ಕಟ್ಟಿದ ಹಾಗಿದ್ರೆ ರೋಹು. ಬಾಯಿ ಕೆಳಮುಖ ಇದ್ದು ತಳದಲ್ಲೇ ಓಡಾಡಿದ್ರೆ ಮೃಗಾಲ್. ಬಾಯಿ ಪಕ್ಕ ಎರಡು ಜೊತೆ ಮೀಸೆ, ಬೆನ್ನ ಮೇಲೆ ಉದ್ದ ರೆಕ್ಕೆ ಇದ್ರೆ ಗೆಂಡೆ. ಹುರುಪೆ ಇಲ್ದೆ ಮೀಸೆ ಇರೋದು ಸಿಕ್ರೆ ಸುಮ್ಮನೆ ಕೈ ಹಾಕಬೇಡಿ, ಬೆನ್ನ ಮೇಲಿನ ರೆಕ್ಕೆ ಚಿಕ್ಕದಿದ್ರೆ ಅದು ಚೇಳ್ಮೀನು ಇರಬಹುದು, ಎದೆ ರೆಕ್ಕೆಯ ಮುಳ್ಳು ಚುಚ್ಚಿದ್ರೆ ದಿನವಿಡೀ ಉರಿ. ಒಂದು ಜಿಲೇಬಿನ ಕೈಗೆ ತಗೊಂಡಾಗ ಅದರ ಬಾಯಿಂದ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು ನನ್ನ ಅಂಗೈ ಮೇಲೆ ಉದುರಿದ್ವು, ಕಣ್ಣು ಮಾತ್ರ ಕಪ್ಪಗೆ ಕಾಣ್ತಿತ್ತು. ಹೆಣ್ಣು ಜಿಲೇಬಿ ಮೊಟ್ಟೆ ಮರಿ ಎಲ್ಲಾ ಬಾಯಲ್ಲೇ ಇಟ್ಕೊಂಡು ಕಾಪಾಡತ್ತೆ, ಅದಕ್ಕೇ ನಾಲ್ಕು ಒಳಗೆ ಸೇರಿದ್ರೂ ಹೊಂಡ ತುಂಬೋದು. ಬೇಸಿಗೇಲಿ ನೀರು ಇಳಿದಾಗ ದಡದ ಮಣ್ಣಲ್ಲಿ ತಟ್ಟೆ ಒತ್ತಿದ ಹಾಗೆ ಗುಂಡಗೆ ಗುಳಿಗಳು ಕಾಣ್ತಿದ್ವು, ನಾವು ಎಮ್ಮೆ ಕಾಲಿನದು ಅನ್ಕೊಂಡಿದ್ವಿ. ಅವು ಗಂಡು ಜಿಲೇಬಿ ಗೂಡು ತೋಡಿದ ಗುಳಿಗಳು.

ಇನ್ನೊಂದು ವಿಷಯ ತಿಳ್ಕೊಂಡ್ರೆ ಲೆಕ್ಕ ಸುಲಭ ಆಗತ್ತೆ. ಕಾಟ್ಲಾ ರೋಹು ಮೃಗಾಲ್ ನಿಂತ ನೀರಲ್ಲಿ ಮರಿ ಮಾಡಲ್ಲ, ಮಳೆಗಾಲದ ಹರಿಯೋ ನೀರು ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧರಿಯವರು ಇಂಜೆಕ್ಷನ್ ಕೊಟ್ಟು ಮರಿ ಮಾಡಿಸೋದನ್ನ ಸಾಧಿಸಿದ ಮೇಲೇನೇ ಇವತ್ತು ನಮ್ಗೆ ಚೀಲದಲ್ಲಿ ಮರಿ ಸಿಗ್ತಿರೋದು, ಜುಲೈ 10ನ್ನ ಮೀನು ಕೃಷಿಕರ ದಿನ ಅಂತ ಮಾಡೋದೂ ಅದಕ್ಕೇ. ಅಂದ್ರೆ ಹೊಂಡದಲ್ಲಿರೋ ಕಾಟ್ಲಾ ನಾವು ಬಿಟ್ಟಿದ್ದೇ. ಜಿಲೇಬಿ, ಕೊರವ, ಗೆಂಡೆ ಹಾಗಲ್ಲ, ಅವು ಅಲ್ಲೇ ಸಂಸಾರ ಹೂಡ್ತವೆ.

ಹಾಗಾದ್ರೆ ನಾವು ಬಿಡದೇ ಇರೋವು ಎಲ್ಲಿಂದ ಬಂದ್ವು ಅಂತ ಕೇಳಬಹುದು. 2022ರಲ್ಲಿ ಬೆಂಗಳೂರಿನ ಸುತ್ತ ಕೆರೆಗಳು ಕೋಡಿ ಬಿದ್ವಲ್ಲ, ಆಗ ನಮ್ಮೂರ ಕೆರೆ ನೀರು ಕಾಲುವೆ ಹಿಡಿದು ನಮ್ಮ ಹೊಂಡಕ್ಕೂ ನುಗ್ಗಿತ್ತು, ಅದರ ಜೊತೆ ಬಂದಿರಬೇಕು. ಜಿಲೇಬಿ ನಮ್ಮ ನಾಡಿಂದಲ್ಲ, ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದಿದ್ದು, ಈಗ ಎಲ್ಲಾ ಕೆರೇಲೂ ಇದೆ. ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ತಂದ ಗ್ಯಾಂಬೂಸಿಯಾ ಅನ್ನೋ ಸಣ್ಣ ಮೀನೂ ಹಾಗೇ. ಇದರ ಮೇಲೆ ನಗರದವರು ಅಕ್ವೇರಿಯಂ ಸಾಕಾಯ್ತು ಅಂತ ಮೀನು ತಂದು ಕೆರೆಗೆ ಸುರಿಯೋದು, ದಯವಿಟ್ಟು ನಿಲ್ಲಿಸಿ, ಆ ಕೆರೆ ಕೋಡಿ ಬಿದ್ರೆ ಅದು ನಮ್ಮ ಹೊಂಡಕ್ಕೇ ಬರೋದು.

ರೋಹು ಏನಾಯ್ತು ಅಂತ ಈಗ ಅರ್ಥ ಆಗ್ತಿದೆ, ಬೆರಳುದ್ದದ ಮರಿಗಳನ್ನ ತಂದು ಕೊರವದ ಬಾಯಿಗೆ ಹಾಕಿದ್ವಿ. ಆದ್ರೆ ಜಿಲೇಬಿ ಮರಿ ತಿಂದು ಅದರ ಸಂಖ್ಯೆ ಇಷ್ಟರಲ್ಲಿ ಇಟ್ಟಿರೋದೂ ಅದೇ ಕೊರವ. ಬ್ಲೀಚಿಂಗ್ ಹಾಕಿದ್ರೆ ಅದನ್ನೂ ಕೊಂದಿರ್ತಿದ್ವಿ, ಮುಂದಿನ ಮಳೆಗೆ ಕಾಲುವೇಲಿ ಜಿಲೇಬಿ ಮತ್ತೆ ಬಂದಿರೋದು, ತಡೆಯೋಕೆ ಯಾರೂ ಇರ್ತಿರ್ಲಿಲ್ಲ. ಕೆಲವು ಸಲ ಹೊಂಡ ಪೂರ್ತಿ ಖಾಲಿ ಮಾಡ್ಲೇಬೇಕಾಗತ್ತೆ, ಅದಕ್ಕೆ ಹೆಕ್ಟೇರಿಗೆ 2,500 ಕೆಜಿ ಹಿಪ್ಪೆ ಹಿಂಡಿ ಅಂತ ಶಿಫಾರಸೂ ಇದೆ, ನಾನು ಬೇಡ ಅಂತಿಲ್ಲ. ಏನಿದೆ ಅಂತ ತಿಳ್ಕೊಂಡು ಮಾಡಿ ಅಂತ ಅಷ್ಟೇ. ನಾವು ಈ ಸಲ ಕಾಲುವೆ ಬಾಯಿಗೆ ಜಾಲರಿ ಕಟ್ಟಿದೀವಿ, ಅಂಗೈಗಿಂತ ದೊಡ್ಡ ಮರಿಗಳನ್ನೇ ಬಿಡ್ತೀವಿ, ಅದೂ ನೂರೇ.

ಮೀನುಗಾರಿಕೆ ಇಲಾಖೆಯವರಲ್ಲಿ ನನ್ನದೊಂದು ಬೇಡಿಕೆ. ಹೆಸರಘಟ್ಟದಲ್ಲೇ ಸಿಹಿನೀರು ಮೀನಿನ ಸಂಶೋಧನಾ ಕೇಂದ್ರ ಇದೆ, ತಿಳಿದೋರು ಕೂಗಳತೆಲೇ ಇದಾರೆ. ನಮ್ಮ ಕಡೆ ಕೆರೆ ಹೊಂಡದಲ್ಲಿ ಸಿಗೋ ಮೀನುಗಳ ಒಂದು ಬಣ್ಣದ ಚಾರ್ಟ್ ಮಾಡಿ, ಊರ ಹೆಸರುಗಳ ಸಮೇತ, ಎಲ್ಲಾ ರೈತ ಸಂಪರ್ಕ ಕೇಂದ್ರದಲ್ಲೂ ಹಾಕಿ. ಮರಿ ಮಾರೋರು ಕೊಡೋಕೆ ಮುಂಚೆ ಹೊಂಡದಲ್ಲಿ ಏನಿದೆ ಅಂತ ಕೇಳೋ ಹಾಗೆ ಮಾಡಿ. ನಿಮ್ಮ ಕೃಷಿ ಪುಟದಲ್ಲೂ ವಾರಕ್ಕೊಂದು ಮೀನಿನ ಫೋಟೋ ಬಂದ್ರೆ ಎಷ್ಟು ಚೆನ್ನಾಗಿರತ್ತೆ.

ಕೊನೆಗೊಂದು ಮಾತು ಓದುಗರಿಗೆ. ಸೊಳ್ಳೆಪರದೆ ಬಟ್ಟೆಲಿ ಒಂದು ಮೀನು ಸಿಕ್ತು, ನಡುಬೆರಳಿನಷ್ಟು ಉದ್ದ, ಮರಳಿನ ಬಣ್ಣ, ಮೈ ಪಕ್ಕ ಕಂದು ಮಚ್ಚೆಗಳ ಸಾಲು, ಮೂತಿ ಸುತ್ತ ಸಣ್ಣ ಮೀಸೆ, ಬಿಟ್ಟ ತಕ್ಷಣ ಮಣ್ಣೊಳಗೆ ಹೂತ್ಕೊಳ್ತು. ಇಂಗ್ಲಿಷಲ್ಲಿ ಅದರ ಜಾತಿಗೆ ಲೋಚ್ ಅಂತಾರಂತೆ. ನಮ್ಮಜ್ಜಿ ಅದಕ್ಕೆ ಒಂದು ಹೆಸರು ಹೇಳ್ತಿದ್ರಂತೆ, ಅಪ್ಪ ಎರಡು ದಿನದಿಂದ ನೆನಪು ಮಾಡ್ಕೊಳ್ತಾನೇ ಇದಾರೆ. ನಿಮ್ಮೂರಲ್ಲಿ ಅದಕ್ಕೆ ಏನಂತಾರೆ ಅಂತ ಗೊತ್ತಿದ್ದವರು ಇದೇ ಅಂಕಣಕ್ಕೆ ಬರೀರಿ, ಅಪ್ಪಂಗೆ ಓದಿ ಹೇಳ್ತೀನಿ.

ಇತಿ,
ಒಬ್ಬ ಓದುಗ
ಜಾಲಹಳ್ಳಿ, ಬೆಂಗಳೂರು