ಮಧ್ಯಾಹ್ನದ ಕರೆಂಟನ್ನು ಮಧ್ಯಾಹ್ನವೇ ಕೊಡಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ, ನಮಸ್ಕಾರ.

ನಾನು ಮಧುಗಿರಿ ತಾಲ್ಲೂಕಿನ ರೈತ. ಒಂದೂವರೆ ಎಕರೆ ಅಡಿಕೆ, ಒಂದು ಬೋರ್‌ವೆಲ್, ಏಳೂವರೆ ಎಚ್‌ಪಿ ಮೋಟಾರು. ಮೋಟಾರು ತಿರುಗಲು ಬೇಕಾದ ತ್ರೀಫೇಸ್ ಕರೆಂಟು ದಿನಕ್ಕೆ 7 ಗಂಟೆ ಅಂತ ಸರ್ಕಾರ ಹೇಳುತ್ತದೆ. ನಮ್ಮ ಫೀಡರಿನಲ್ಲಿ, ಅಂದರೆ ಸಬ್‌ಸ್ಟೇಷನ್ನಿನಿಂದ ನಮ್ಮ ಕಡೆ ಬರುವ ಲೈನಿನಲ್ಲಿ, ಅದು ಎರಡು ತುಂಡು: ಹಗಲು 4 ಗಂಟೆ, ರಾತ್ರಿ 3 ಗಂಟೆ. ಈ ಪತ್ರ ಆ ರಾತ್ರಿಯ 3 ಗಂಟೆಯ ಬಗ್ಗೆ.

ಯುಗಾದಿಗೆ ವಾರ ಇತ್ತು. ಪಾವಗಡದ ತಿರುಮಣಿ ಕಡೆ ನೆಂಟರ ಮನೆಗೆ ಹೋಗಿದ್ದೆ. ಕಾಳು ಚೆಲ್ಲಿದರೆ ಹುರಿದುಹೋಗುವಂಥ ಬಿಸಿಲು. ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪ್ಯಾನೆಲ್ಲು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅದೇ ರಾತ್ರಿ ಒಂದೂವರೆಗೆ ನಾನು ನಮ್ಮ ತೋಟದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಮೋಟಾರಿನ ಸ್ವಿಚ್ ಬೋರ್ಡಿನಲ್ಲಿ ಫೇಸಿಗೊಂದು ಲೈಟು; ಕೆಂಪು, ಹಳದಿ ಬಂದಿತ್ತು, ನೀಲಿ ಬಂದಿರಲಿಲ್ಲ. ಒಂದು ಫೇಸ್ ಇಲ್ಲದೆ ಮೋಟಾರು ಹಾಕಿದರೆ ಕಾಯಿಲ್ ಸುಡುತ್ತದೆ. ಹಾಗಾಗಿ ಕಾಯುವುದು. ನಮ್ಮ ಕಡೆ ಕರಡಿ ಕಾಟ ಬೇರೆ.

ಸೂರ್ಯ ಇಲ್ಲದ ಆ ಹೊತ್ತಿನಲ್ಲಿ ನನ್ನ ಮೋಟಾರಿಗೆ ಬರುವ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು. ಅದು ನಮ್ಮ ರಾಯಚೂರಿನ ಸ್ಥಾವರದ್ದೇ ಆಗಬೇಕೆಂದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಜೋಡಿಸಿದ ಮೇಲೆ ಇಡೀ ದೇಶಕ್ಕೆ ಒಂದೇ ಗ್ರಿಡ್, ಒಂದೇ ವಿದ್ಯುತ್ ಜಾಲ ಅಲ್ವಾ? ಹಾಗಾಗಿ ನಮ್ಮ ರಾತ್ರಿ ಮೋಟಾರಿನ ಲೆಕ್ಕ ಇಡೀ ದೇಶದ ಲೆಕ್ಕದೊಳಗೇ ಬರುತ್ತದೆ.

ಮಾರ್ಚ್‌ನ ಒಂದು ತಿಳಿ ಮಧ್ಯಾಹ್ನ ಆ ಲೆಕ್ಕ ನೋಡಿ. ಉತ್ತರದಲ್ಲಿ ಇನ್ನೂ ಏಸಿ ಶುರುವಾಗಿರುವುದಿಲ್ಲ, ಬೇಡಿಕೆ ಕಮ್ಮಿ. ಸೋಲಾರ್ ಮಾತ್ರ ತುಂಬಿ ಹರಿಯುತ್ತಿರುತ್ತದೆ. ದೇಶದ ಸೋಲಾರ್ ಸಾಮರ್ಥ್ಯ 2025ರ ಜನವರಿಯಲ್ಲೇ 1 ಲಕ್ಷ ಮೆಗಾವ್ಯಾಟ್ ದಾಟಿದೆ. ಆಗ ಕಲ್ಲಿದ್ದಲು ಸ್ಥಾವರಗಳನ್ನು ತಗ್ಗಿಸಬೇಕು. ಆದರೆ ಅದು ಗ್ಯಾಸ್ ಒಲೆ ಅಲ್ಲ. ಸಾಮರ್ಥ್ಯದ ಸುಮಾರು 55 ಪರ್ಸೆಂಟಿಗಿಂತ ಕೆಳಗೆ ಹೋದರೆ ಬಾಯ್ಲರ್ ತೊಂದರೆ ಕೊಡುತ್ತದೆ. ಪೂರ್ತಿ ಆರಿಸಿದರೆ ಸಂಜೆಗೆ ಬೇಕೆಂದಾಗ ಹೊತ್ತಿಕೊಳ್ಳುವುದಿಲ್ಲ. ಕೊನೆಗೆ ಪೆಟ್ಟು ಬೀಳುವುದು ಸೋಲಾರಿಗೇ. ರಾಜಸ್ಥಾನದಲ್ಲಿ ಸಾಗಿಸಲು ಲೈನ್ ಸಾಲದೆ 2025ರಲ್ಲಿ ನಡುಹಗಲಿನ ಸೋಲಾರ್ ಕರೆಂಟನ್ನು ಬೇಡ ಎಂದರು. ಸೂರ್ಯ ಮುಳುಗಿದ ಕೂಡಲೇ ಅದೇ ಕಲ್ಲಿದ್ದಲನ್ನು ಮೇಲಕ್ಕೆ ಎಳೆಯಬೇಕು, ಶರಾವತಿಯ ಗೇಟು ತೆಗೆಯಬೇಕು.

ಇದರ ನಡುವೆ ನಡುರಾತ್ರಿ ನಮ್ಮ ಮೋಟಾರು ಯಾಕೆ ಸ್ವಾಮಿ?

ನನ್ನ ಮೋಟಾರು ಎಳೆಯುವುದು ಸುಮಾರು ಐದೂವರೆ ಕಿಲೋವ್ಯಾಟ್. ಇಂಥ 1 ಲಕ್ಷ ಮೋಟಾರು ಒಟ್ಟಿಗೆ ತಿರುಗಿದರೆ 550 ಮೆಗಾವ್ಯಾಟ್. ವಾರಾಹಿ ಜಲವಿದ್ಯುತ್ ಸ್ಥಾವರದ ಪೂರ್ತಿ ಸಾಮರ್ಥ್ಯವೇ 460. ಅಡಿಕೆ ಮರಕ್ಕೆ ನೀರು ರಾತ್ರಿಯೇ ಬೇಕೆಂದೇನಿಲ್ಲ. ಹಗಲು ಎತ್ತಿದ ನೀರು ತೊಟ್ಟಿಯಲ್ಲಿ ನಿಲ್ಲುತ್ತದೆ, ಮಣ್ಣಿನಲ್ಲಿ ನಿಲ್ಲುತ್ತದೆ. ಹಗಲಿನ ಕರೆಂಟು ಕೂಡಿಡಲು ಕೋಟಿಗಟ್ಟಲೆ ಸುರಿದು ಬ್ಯಾಟರಿ ತರುತ್ತಾರೆ, ತರಲಿ. ಈ ತೊಟ್ಟಿ ಆಗಲೇ ಕಟ್ಟಿಯಾಗಿದೆ. ಹಗಲಿನ ಕರೆಂಟು ಅಗ್ಗ ಅಂತ ದೆಹಲಿಯವರೂ ಒಪ್ಪಿದ್ದಾರೆ: ಸೋಲಾರ್ ಹೊತ್ತಿನಲ್ಲಿ ದರ ಕಮ್ಮಿ ಮಾಡಿ ಎಂದು 2023ರಲ್ಲೇ ನಿಯಮ ತಂದರು. ಕೃಷಿಯನ್ನು ಮಾತ್ರ ಅದರಿಂದ ಹೊರಗಿಟ್ಟರು.

ನಮ್ಮದೂ ತಪ್ಪಿದೆ, ಮುಚ್ಚಿಡುವುದಿಲ್ಲ. ರಾತ್ರಿ ಎದ್ದು ಹೋಗಲಾರದೆ ಮುಕ್ಕಾಲು ಜನ ಮೋಟಾರು ತಾನೇ ಶುರುವಾಗುವ ಆಟೋ ಸ್ಟಾರ್ಟರ್ ಹಾಕಿಕೊಂಡಿದ್ದೇವೆ. ಕರೆಂಟು ಬಂದ ಕ್ಷಣ ಎಲ್ಲ ಮೋಟಾರೂ ಒಟ್ಟಿಗೆ ಏಳುತ್ತವೆ, ಟಿಸಿ (ಟ್ರಾನ್ಸ್‌ಫಾರ್ಮರ್) ಢಮ್ ಅನ್ನುತ್ತದೆ. ಹಗಲು ಕೊಟ್ಟರೂ ಎಲ್ಲರಿಗೂ ಒಂದೇ ಹೊತ್ತಿಗೆ ಕೊಟ್ಟರೆ ಅದೇ ಕಥೆ. ಅದಕ್ಕೆ ಒಂದು ಫೀಡರಿಗೆ ಬೆಳಿಗ್ಗೆ 8ರಿಂದ 3, ಇನ್ನೊಂದಕ್ಕೆ 10ರಿಂದ 5 ಮಾಡಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರನ್ನು ಮನೆ ಲೈನಿನಿಂದ ಬೇರೆ ಮಾಡಿದ ಕಡೆ ಮೊದಲು ಶುರು ಮಾಡಬಹುದು. ಟಿಸಿ ಸಾಲದ ಕಡೆ ಇನ್ನೊಂದು ಕೂರಿಸಿ. ಮಳೆಗಾಲದ ಮೋಡದ ದಿನಗಳಿಗೆ ಬೇರೆ ಲೆಕ್ಕ ಇರಲಿ, ಜಗಳ ಇಲ್ಲ.

ಆಗಲ್ಲ ಅಂತ ಮಾತ್ರ ಹೇಳಬೇಡಿ. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶವೆಲ್ಲ ದೀಪ ಆರಿಸಿದಾಗ ಸುಮಾರು 31,000 ಮೆಗಾವ್ಯಾಟ್ ಬೇಡಿಕೆ ಅರ್ಧ ಗಂಟೆಯೊಳಗೆ ಕುಸಿಯಿತು. ಗ್ರಿಡ್‌ನ ಎಂಜಿನಿಯರುಗಳು ಜಲವಿದ್ಯುತ್ತನ್ನು ಇಳಿಸಿ ಏರಿಸಿ ಸಂಭಾಳಿಸಿದರು. ಅಂಥವರಿಗೆ ನಮ್ಮ 3 ಗಂಟೆ ಯಾವ ಲೆಕ್ಕ?

ಹೊಸ ವೇಳಾಪಟ್ಟಿ ಆದರೆ ಸಬ್‌ಸ್ಟೇಷನ್ ಗೋಡೆಗೊಂದು ಚೀಟಿ ಅಂಟಿಸಿದರೆ ಸಾಕು. ಫೋಟೊ ತೆಗೆದು ಊರಿನ ವಾಟ್ಸಾಪಿಗೆ ನಾವೇ ಹಾಕಿಕೊಳ್ಳುತ್ತೇವೆ.

ಇಂತಿ ನಿಮ್ಮ,
ಮಧುಗಿರಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ