ಮೇಷ್ಟ್ರ ಕೊಲಾಜ್‌ಗೆ ಲ್ಯಾಮಿನೇಷನ್ ಯಾಕೆ?

ಸಂಪಾದಕರೇ,

ನಾನು ಓದಿದ ಶಾಲೆಯ ಆಫೀಸಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಮಾಡಿದ ಪೇಪರ್ ಕೊಲಾಜ್ (ಕಾಗದದ ತುಂಡುಗಳನ್ನು ಅಂಟಿಸಿ ಮಾಡಿದ ಚಿತ್ರ) ಒಂದಿತ್ತು. ಹೋದ ತಿಂಗಳು ಹೋಗಿ ನೋಡಿದರೆ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದಾರೆ! ಧೂಳು ಕೂರದಿರಲಿ ಅಂತ ಒಳ್ಳೆ ಮನಸ್ಸಿನಿಂದಲೇ ಮಾಡಿಸಿದ್ದು. ಆದರೂ ನೋಡಿ ತುಂಬಾ ಸಂಕಟವಾಯಿತು.

ಆ ಚಿತ್ರದಲ್ಲಿ ಮನೆ, ಮರ, ಮನುಷ್ಯ ಏನೂ ಇಲ್ಲ. ಇಟ್ಟಿಗೆ ಬಣ್ಣದ ಒಂದು ದೊಡ್ಡ ತುಂಡು, ಅದರ ಮೇಲೆ ಅರ್ಧ ಹತ್ತಿ ಕೂತ ಹಳೇ ಲೆಕ್ಕದ ಪುಸ್ತಕದ ಹಾಳೆ, ಮೂಲೆಯಲ್ಲಿ ಕಡುನೀಲಿ, ಅಷ್ಟೇ. ಮೇಷ್ಟ್ರು ಕತ್ತರಿ ಮುಟ್ಟುತ್ತಿರಲಿಲ್ಲ, ಕೈಯಲ್ಲೇ ಹರಿಯುತ್ತಿದ್ದರು. ಮೇಲ್ಗಡೆ ಮಾತ್ರ ಬಣ್ಣ ಇರುವ ಕಾಗದ ಹರಿದಾಗ ಒಂದು ತುಂಡಿನ ಅಂಚಲ್ಲಿ ಬಿಳಿ ಎಳೆ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಯಾವ ಕೈಯನ್ನು ನಮ್ಮ ಕಡೆ ಎಳೆಯುತ್ತೇವೆ ಅನ್ನುವುದರ ಮೇಲೆ ಅದು. ಎಲ್ಲಿ ಗೆರೆ ಬೇಕೋ ಅಲ್ಲಿ ಮಾತ್ರ ಆ ಬಿಳಿ ಬಿಡುತ್ತಿದ್ದರು, ಪೆನ್ಸಿಲ್ಲೇ ಬೇಕಿರಲಿಲ್ಲ. ಅಂಚುಗಳು ಸ್ವಲ್ಪ ಎದ್ದಿರುತ್ತಿದ್ದವು, ಕಿಟಕಿಯ ಬೆಳಕು ಬಿದ್ದರೆ ಸಣ್ಣ ನೆರಳು ಬರುತ್ತಿತ್ತು. ಈಗ ಬಿಸಿ ಪ್ಲಾಸ್ಟಿಕ್ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡಿದೆ. ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ.

"ಕಾಗದದ ಚೂರು ತಾನೇ ಸಾರ್" ಅಂದರು ಅಲ್ಲಿದ್ದವರೊಬ್ಬರು. ದೊಡ್ಡ ಚಿತ್ರಕಾರರಾದ ಪಿಕಾಸೊ, ಬ್ರಾಕ್ 1912ರಲ್ಲಿ ಅಂಟಿಸಲು ಶುರು ಮಾಡಿದ್ದೂ ಇಂಥ ಚೂರುಗಳನ್ನೇ. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಕೂಡ ಮೇಷ್ಟ್ರೇ ಅಲ್ವಾ? 50 ದಾಟಿದ ಮೇಲೆ ಅವರ ಕಣ್ಣು ಪೂರ್ತಿ ಹೋಯಿತು, ಆಮೇಲೂ ಅವರು ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದರು. ಕಣ್ಣಿಲ್ಲದವರ ಕೈಗೂ ಸಿಗುವ ಅಂಚನ್ನು ನಾವು ಪ್ಲಾಸ್ಟಿಕ್ಕಿನಡಿ ಹೂತುಬಿಟ್ಟರೆ ಹೇಗೆ?

ನಿಮ್ಮ ಭಾನುವಾರದ ಪುರವಣಿಯಲ್ಲಿ ಇದರ ಬಗ್ಗೆ ನಾಲ್ಕು ಸಾಲು ಬರೆಯಿರಿ. ಕೊಲಾಜ್‌ಗೆ ಗಾಜಿನ ಫ್ರೇಮ್ ಹಾಕಿಸಬೇಕು, ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ಜಾಗ ಇರಬೇಕು, ಬಿಸಿಲು ಬೀಳುವ ಗೋಡೆ ಬೇಡ. ನ್ಯೂಸ್‌ಪೇಪರ್ ತುಂಡು ಇದ್ದರಂತೂ ಜಾಸ್ತಿ ಹುಷಾರು, ಅದರಲ್ಲಿರುವ ಮರದ ಅಂಶ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಇನ್ನೊಂದು ಮಾತು: ನೀವು ಕೊಲಾಜ್ ಫೋಟೊ ಹಾಕುವಾಗ ಅದರ ಅಳತೆಯನ್ನೂ ಹಾಕಿ. ಅಂಗೈಯಷ್ಟಿದೆಯೋ ಗೋಡೆಯಷ್ಟಿದೆಯೋ ಅಂತಲೇ ಗೊತ್ತಾಗುವುದಿಲ್ಲ.

ಮೇಷ್ಟ್ರ ಇನ್ನೆರಡು ಕೊಲಾಜ್ ಅದೇ ಶಾಲೆಯ ಬೀರುವಿನಲ್ಲಿವೆ. ಅವಕ್ಕೆ ಫ್ರೇಮ್ ಹಾಕಿಸುವ ಖರ್ಚು ನನ್ನದು, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಅಂತ ಹೇಳಿ ಬಂದಿದ್ದೇನೆ.

– ಹಳೇ ವಿದ್ಯಾರ್ಥಿ